ಬರಬೇಕಿತ್ತು, ಬಂದಿರಬೇಕು

ಬೆಳಿಗ್ಗೆ ಎಂಟು ಗಂಟೆ. ಹಳ್ಳಿಯ ಅರಳಿಕಟ್ಟೆಯ ಪಕ್ಕದ ಬಸ್ ಸ್ಟಾಪು. ಕಾಲೇಜಿಗೆ ಹೊರಟ ಹುಡುಗಿಯೊಬ್ಬಳು ಓಡಿಬಂದು ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳುತ್ತಾಳೆ: ‘ತಾತ, ಏಳೂಮುಕ್ಕಾಲರ ಬಸ್ಸು ಬಂತಾ?’ ತಾತ ಈಗಷ್ಟೇ ಬಂದು ಕೂತವರು. ‘ಬಂದು ಹೋಗಿರ್ಬೇಕು ಕಣಮ್ಮ’ ಎನ್ನುತ್ತಾರೆ. ಅಷ್ಟರಲ್ಲಿ ಬೀಡಾ ಅಂಗಡಿಯವನು ತಲೆ ಹೊರಹಾಕಿ, ‘ಇಲ್ಲ ತಾತ, ಬರ್ಬೇಕಿತ್ತು, ಇನ್ನೂ ಬಂದಿಲ್ಲ’ ಎಂದು ತಿದ್ದುತ್ತಾನೆ.

ಎರಡೂ ಮಾತಿನಲ್ಲಿರುವುದು ಅದೇ ಬಸ್ಸು, ಅದೇ ‘ಬೇಕು’, ಅದೇ ಕಳೆದುಹೋದ ಕಾಲು ಗಂಟೆ. ಆದರೂ ಒಂದರಲ್ಲಿ ಬಸ್ಸು ಹೋಗಿಯಾಗಿದೆ, ಇನ್ನೊಂದರಲ್ಲಿ ಬಂದೇ ಇಲ್ಲ. ಹುಡುಗಿಗೆ ಗಲಿಬಿಲಿ ಇಲ್ಲ; ನಿಟ್ಟುಸಿರು ಬಿಟ್ಟು ಬ್ಯಾಗು ಇಳಿಸುತ್ತಾಳೆ. ಅದೇ ಹುಡುಗಿ ಹತ್ತು ಗಂಟೆಯ ಇಂಗ್ಲಿಷ್ ತರಗತಿಯಲ್ಲಿ ‘ಮಸ್ಟ್ ಹ್ಯಾವ್ ಕಮ್’, ‘ಶುಡ್ ಹ್ಯಾವ್ ಕಮ್’ ಎಂಬ ಎರಡು ಸಾಲುಗಳ ಮುಂದೆ ಪೆನ್ನಿನ ತುದಿ ಕಚ್ಚುತ್ತ ಕೂರುತ್ತಾಳೆ. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಕೇಳಿದ ಮಾತುಗಳೇ ಇವು ಎಂದು ಅವಳಿಗೆ ಯಾರೂ ಹೇಳಿಲ್ಲ.

ಇಂಗ್ಲಿಷ್ ವ್ಯಾಕರಣದಲ್ಲಿ ಮೋಡಲ್ ಎಂದು ಕರೆಸಿಕೊಳ್ಳುವ ಈ ಸಹಾಯಕ ಕ್ರಿಯಾಪದಗಳು ಮುಖ್ಯವಾಗಿ ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಹೊಸ್ತಿಲ ಮೇಲೆ ನಿಂತಂತೆ ಆಟ್ ಟು, ನೀಡ್, ಡೇರ್ ಇವೆ. ಶಾಲೆಯಲ್ಲಿ ಇವನ್ನು ಪಟ್ಟಿ ಮಾಡಿ, ಎದುರಿಗೆ ಅರ್ಥ ಬರೆದು, ಬಾಯಿಪಾಠ ಮಾಡಿಸುತ್ತಾರೆ: ಕ್ಯಾನ್ ಎಂದರೆ ಸಾಮರ್ಥ್ಯ, ಮೇ ಎಂದರೆ ಅನುಮತಿ, ಮಸ್ಟ್ ಎಂದರೆ ಕಡ್ಡಾಯ. ಪರೀಕ್ಷೆ ಮುಗಿದ ಮರುದಿನ ಪಟ್ಟಿ ಮರೆತುಹೋಗುತ್ತದೆ, ಉಳಿಯುವುದು ‘ಮೇ ಐ ಕಮಿನ್ ಸಾರ್’ ಒಂದೇ. ಆ ಪದಗಳೆಲ್ಲ ಬೆಸೆದು ಒಂದೇ ಪದವಾಗಿ, ತರಗತಿಯ ಬಾಗಿಲಿನ ಚಿಲಕದ ಹಾಗೆ ಆಗಿಬಿಟ್ಟಿದೆ.

ವಿಧಿಯೋ, ಊಹೆಯೋ

‘ಬಸ್ಸು ಬಂತು’ ಎನ್ನುವುದು ಸುದ್ದಿ. ‘ಬಸ್ಸು ಬಂದಿರಬೇಕು’ ಎನ್ನುವುದು ಬಸ್ಸಿನ ಸುದ್ದಿಯಲ್ಲ, ಹೇಳುವವನ ತಲೆಯೊಳಗಿನ ಲೆಕ್ಕಾಚಾರ. ಮೋಡಲ್‌ಗಳ ಕೆಲಸವೇ ಇದು. ಘಟನೆಯ ಸುತ್ತ ಮಾತಾಡುವವನ ನಿಲುವನ್ನು ಸುತ್ತಿಕೊಡುತ್ತವೆ. ಆ ನಿಲುವು ಮುಖ್ಯವಾಗಿ ಎರಡು ಬಗೆಯದು. ಒಂದು ಕಟ್ಟುಪಾಡಿನದು: ಮಾಡಲೇಬೇಕು, ಮಾಡಬಹುದು, ಮಾಡಕೂಡದು. ಇನ್ನೊಂದು ಅಂದಾಜಿನದು: ಹೀಗಿರಬೇಕು, ಹೀಗಿರಬಹುದು, ಹೀಗಿರಲಾರದು. ಭಾಷಾವಿಜ್ಞಾನಿಗಳು ಮೊದಲನೆಯದಕ್ಕೆ ಡಿಯಾಂಟಿಕ್, ಎರಡನೆಯದಕ್ಕೆ ಎಪಿಸ್ಟೆಮಿಕ್ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ವಿಧಿ ಮತ್ತು ಊಹೆ ಎಂದರೆ ಸಾಕು.

ಸೋಜಿಗವೆಂದರೆ ಎರಡಕ್ಕೂ ಒಂದೇ ಪದ. ಹೆಡ್ ಮಾಸ್ತರು ‘ಅವನು ಹೋಗಬಹುದು’ ಎಂದರೆ ಅನುಮತಿ. ಬೆಂಚಿನ ಗೆಳೆಯ ಅದನ್ನೇ ಹೇಳಿದರೆ ಅಂದಾಜು. ಇಂಗ್ಲಿಷಿನ ‘ಹಿ ಮೇ ಗೋ’ ಕೂಡ ಇದೇ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ‘ನೀವು ಹುಷಾರಾಗಿರಬೇಕು’ ಎನ್ನುವಾಗ ಬೇಕು ಎಚ್ಚರಿಕೆ ಕೊಡುತ್ತದೆ, ‘ನಿಮಗೆ ದಣಿವಾಗಿರಬೇಕು’ ಎನ್ನುವಾಗ ಮುಖ ನೋಡಿ ಊಹಿಸುತ್ತದೆ. ಇಂಗ್ಲಿಷಿನ ಮಸ್ಟ್ ಎರಡೂ ಕಡೆ ಹಾಗೆಯೇ ಕೂರುತ್ತದೆ. ಯಾವ ನಂಟೂ ಇಲ್ಲದ ಎರಡು ಭಾಷಾ ಕುಟುಂಬಗಳು, ಒಂದು ದ್ರಾವಿಡ, ಇನ್ನೊಂದು ಜರ್ಮಾನಿಕ್, ಕಟ್ಟಳೆಯ ಪದದಿಂದಲೇ ಊಹೆಯನ್ನೂ ಮಾಡಿಸಿಕೊಂಡಿವೆ.

ಎರಡು ಭಾಷೆಗಳೂ ಬೇರೆಯಾಗುವುದು ಕಳೆದ ಕಾಲದ ಮಾತು ಬಂದಾಗ. ಕನ್ನಡದ ದಾರಿ ಸಲೀಸು. ಭೂತಕಾಲವನ್ನು ಬರುವ ಕ್ರಿಯೆಗೆ ಅಂಟಿಸಿದರೆ ‘ಬಂದಿರ-ಬೇಕು’: ಬಂದದ್ದು ಆಗ, ಊಹಿಸುತ್ತಿರುವುದು ಈಗ. ಅದನ್ನೇ ಬೇಕು ಎಂಬುದಕ್ಕೆ ಅಂಟಿಸಿದರೆ ‘ಬರ-ಬೇಕಿತ್ತು’: ಕಟ್ಟಳೆ ಆಗಿನದು, ಅದು ನಡೆಯಲಿಲ್ಲ. ‘ಬಂದಿರಬಹುದು’, ‘ಬರಬಹುದಿತ್ತು’ ಜೋಡಿಯ ಗುಟ್ಟೂ ಇದೇ. ಇಂಗ್ಲಿಷಿಗೆ ಈ ಅನುಕೂಲವಿಲ್ಲ. ಮಸ್ಟ್‌ಗೆ ‘ಎಡ್’ ಹಚ್ಚುವಂತಿಲ್ಲ. ಹ್ಯಾವ್ ಎಂಬ ಭೂತಕಾಲದ ಗುರುತು ಮೋಡಲ್‌ನ ನಂತರದ ಆ ಒಂದೇ ಜಾಗದಲ್ಲಿ ಕೂರಬೇಕು. ಹಾಗಾಗಿ ಇಂಗ್ಲಿಷು ಗುರುತನ್ನು ಜರುಗಿಸುವ ಬದಲು ಮೋಡಲನ್ನೇ ಬದಲಿಸುತ್ತದೆ: ಊಹೆಗೆ ‘ಮಸ್ಟ್ ಹ್ಯಾವ್’, ತಪ್ಪಿಹೋದ ಕಟ್ಟಳೆಗೆ ‘ಶುಡ್ ಹ್ಯಾವ್’, ಇರಬಹುದು ಎನ್ನಲು ‘ಮೇ ಹ್ಯಾವ್’, ಕೈತಪ್ಪಿದ ಅವಕಾಶಕ್ಕೆ ‘ಕುಡ್ ಹ್ಯಾವ್’. ತಾತನ ಮಾತು ಮಸ್ಟ್, ಬೀಡಾ ಅಂಗಡಿಯವನದು ಶುಡ್. ಕಾಲೇಜು ಹುಡುಗಿಯ ಪೆನ್ನಿಗೆ ಬೇಕಾದ ಸುಳಿವು ಇಷ್ಟೇ.

ಬಲ್ಲೆ ಮತ್ತು ಕ್ಯಾನ್

ಈ ಪದಗಳು ಹೀಗೇಕೆ ಹಟಮಾರಿಗಳಾದವು? ‘ಹಿ ಗೋಸ್’ ಎನ್ನುವ ಭಾಷೆ ‘ಹಿ ಕ್ಯಾನ್ಸ್’ ಎನ್ನುವುದಿಲ್ಲವೇಕೆ? ಉತ್ತರ ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷಿನಲ್ಲಿದೆ. ಈ ಗುಂಪಿನ ಹೆಚ್ಚಿನ ಪದಗಳು ಮೂಲದಲ್ಲಿ ಭೂತಕಾಲದ ರೂಪಗಳು. ರೂಪ ಕಳೆದುಹೋದ ಕಾಲದ್ದು, ಅರ್ಥ ಮಾತ್ರ ಈಗಿನದು. ಕನ್ನಡಿಗರಿಗೆ ಇದು ವಿಚಿತ್ರವೆನಿಸಬಾರದು. ಬಾಗಿಲು ಬಡಿದಾಗ ಒಲೆಯ ಮುಂದೆ ಕೂತವರು ‘ಬಂದೆ, ಬಂದೆ’ ಎನ್ನುತ್ತಾರೆ, ಇನ್ನೂ ಎದ್ದೇ ಇರುವುದಿಲ್ಲ. ‘ಗೊತ್ತಾಯ್ತು’ ಎಂದರೆ ಈಗ ಗೊತ್ತಿದೆ ಎಂದರ್ಥ. ಹೀಗೆಯೇ ‘ಕಲಿತೆ’ ಎಂಬಂಥ ರೂಪ ‘ಬಲ್ಲೆ’ ಎಂಬ ಅರ್ಥಕ್ಕೆ ನಿಂತಿತು. ಇಂಗ್ಲಿಷಿನ ಭೂತಕಾಲದಲ್ಲಿ ‘ಹಿ ವೆಂಟ್’ ಎನ್ನುವಾಗ ಕೊನೆಗೆ ‘ಎಸ್’ ಬರುವುದಿಲ್ಲವಷ್ಟೆ. ಆ ಕಾರಣಕ್ಕೇ ಕ್ಯಾನ್, ಮೇ, ಶಲ್‌ಗಳಿಗೂ ಇಲ್ಲ. ವಿಲ್ ಮಾತ್ರ ಬೇರೆ ಮನೆಯಿಂದ ಬಂದು ಈ ಕುಟುಂಬದ ನಡೆನುಡಿ ಕಲಿತದ್ದು. ಮಸ್ಟ್ ಅಂತೂ ಭೂತಕಾಲದ ಮೇಲೆ ಕಟ್ಟಿದ ಭೂತಕಾಲ. ಅದರ ವರ್ತಮಾನ ರೂಪವಾಗಿದ್ದ ‘ಮೋಟ್’ ಕಾಲಕ್ರಮೇಣ ಬಳಕೆ ತಪ್ಪಿತು.

ಒಂದೊಂದರ ಬೇರೂ ಒಂದೊಂದು ಕಥೆ. ಕ್ಯಾನ್ ಬಂದದ್ದು ‘ಕುನ್ನನ್’ ಎಂಬ ಪದದಿಂದ, ಅರ್ಥ ‘ಅರಿ, ತಿಳಿ’. ಕನ್ನಡದ ‘ಬಲ್ಲೆ’ಯ ನಡೆ ಥೇಟು ಹೀಗೆಯೇ. ‘ನಾನು ಕನ್ನಡ ಬಲ್ಲೆ’ ಎಂದರೆ ಅರಿವು, ‘ನಾನು ಈಜಬಲ್ಲೆ’ ಎಂದರೆ ಸಾಮರ್ಥ್ಯ. ಮೇ ಮತ್ತು ಮೈಟ್‌ಗಳ ಮೂಲ ‘ಮಗನ್’, ಅರ್ಥ ‘ಬಲವುಳ್ಳವನಾಗು’. ಬಲ ಎಂಬ ಅರ್ಥದ ಮೈಟ್ ನಾಮಪದವಾಗಿ ಇಂದಿಗೂ ಇಂಗ್ಲಿಷಿನಲ್ಲಿ ಉಳಿದಿದೆ. ಶಲ್‌ನ ಮೂಲ ‘ಸ್ಕುಲನ್’, ಸಾಲ ಹೊತ್ತಿರುವುದು. ಆಟ್ ಎಂಬುದು ‘ಓ’ ಎಂಬ ಪದದ, ಅಂದರೆ ಬಾಕಿ ಇರುವುದು ಎಂಬ ಅರ್ಥದ ಪದದ ಹಳೆಯ ಭೂತಕಾಲ. ಹೀಗೆ ಇಂಗ್ಲಿಷಿನ ಕರ್ತವ್ಯದ ಮಾತುಗಳು ಸಾಲಗಾರನ ಖಾತೆಪುಸ್ತಕದಿಂದ ಎದ್ದುಬಂದವು. ವಿಲ್ ಎಂದರೆ ಮೊದಲು ಬಯಸುವುದು, ಬಯಕೆಯೇ ಭವಿಷ್ಯವಾಯಿತು.

ಕುಡ್ ಪದದ ಕಾಗುಣಿತದಲ್ಲಿ ಸದ್ದಿಲ್ಲದೆ ಕೂತಿರುವ ‘ಎಲ್’ ಅಕ್ಷರಕ್ಕೆ ಬೇರೇ ಇಲ್ಲ. ವುಡ್ ಮತ್ತು ಶುಡ್‌ಗಳಲ್ಲಿ ಅದು ವಿಲ್, ಶಲ್‌ಗಳಿಂದ ಬಂದ ಪಿತ್ರಾರ್ಜಿತ. ಅಕ್ಕಪಕ್ಕದವರನ್ನು ನೋಡಿ ಕುಡ್ ಕೂಡ ಒಂದನ್ನು ತೊಟ್ಟುಕೊಂಡಿತು, ಅಷ್ಟೆ.

ಕನ್ನಡದ ಕಡೆಯೂ ಅಗೆದರೆ ಇಷ್ಟೇ ಸ್ವಾರಸ್ಯ. ‘ಬೇಕು’ ಹಳಗನ್ನಡದ ‘ಬೇೞ್ಕುಂ’. ಒಳಗಿರುವುದು ಬಯಸು, ಬೇಡು ಎಂಬ ಅರ್ಥದ ಧಾತು. ಇಂಗ್ಲಿಷಿನ ವಿಲ್‌ಗೂ ಇದಕ್ಕೂ ಹುಟ್ಟು ಒಂದೇ ಬಗೆ, ಬೆಳವಣಿಗೆ ಬೇರೆ. ಬಯಕೆ ಅಲ್ಲಿ ಭವಿಷ್ಯವಾಯಿತು, ಇಲ್ಲಿ ಕಟ್ಟಳೆಯಾಯಿತು. ‘ಬಹುದು’ ಮತ್ತು ‘ಬಾರದು’ ಹುಟ್ಟಿದ್ದು ‘ಬರು’ ಎಂಬುದರಿಂದ. ಒಂದು ಬರುವಂಥದು, ಇನ್ನೊಂದು ಬಾರದಂಥದು. ‘ನನಗೆ ಈಜಲು ಬರುತ್ತದೆ’ ಎನ್ನುವಾಗ ಆ ಹಳೆಯ ಬರು ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಜೊತೆಗೆ ಬೇಕು, ಬಹುದು, ಬಾರದು ಎಂಬವು ಯಾರ ಮುಂದೆಯೂ ರೂಪ ಬದಲಿಸುವುದಿಲ್ಲ. ನಾನು ಹೋಗುತ್ತೇನೆ, ಅವಳು ಹೋಗುತ್ತಾಳೆ; ಆದರೆ ನಾನೂ ಹೋಗಬೇಕು, ಅವಳೂ ಹೋಗಬೇಕು. ‘ಹಿ ಮಸ್ಟ್’ ಎಂಬಲ್ಲಿ ‘ಎಸ್’ ಏಕಿಲ್ಲ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಎಡವುವ ಕಲ್ಲುಗಳು

ಹಾಗಿದ್ದರೂ ಕನ್ನಡಿಗರ ಇಂಗ್ಲಿಷು ಕೆಲವು ಕಡೆ ಮತ್ತೆ ಮತ್ತೆ ಎಡವುತ್ತದೆ. ಸಂದರ್ಶನಗಳಲ್ಲಿ ಕೇಳಿಬರುವ ‘ಐ ಕ್ಯಾನ್ ಏಬಲ್ ಟು ಮ್ಯಾನೇಜ್’ ಎಂಬುದು ‘ನಿಭಾಯಿಸಬಲ್ಲೆನು ಶಕ್ತನಾಗಿದ್ದೇನೆ’ ಎಂದಂತೆ. ಕ್ಯಾನ್ ಒಳಗೇ ಏಬಲ್ ಇದೆ. ‘ಮಸ್ಟ್ ಟು ಗೋ’ ಎಂಬಲ್ಲಿ ಟು ದಂಡ. ಒಂಬತ್ತು ಮೋಡಲ್‌ಗಳಲ್ಲಿ ಯಾವುದೂ ಟು ಬಯಸುವುದಿಲ್ಲ.

ನಕಾರದಲ್ಲಿ ಅಪಾಯ ಹೆಚ್ಚು. ಒಂದು ಮಾತ್ರೆಯ ಬಗ್ಗೆ ‘ಯು ಮಸ್ಟ್ ನಾಟ್ ಟೇಕ್ ಇಟ್’ ಎಂದರೆ ತಗೋಬಾರದು. ‘ಯು ಡೋಂಟ್ ಹ್ಯಾವ್ ಟು ಟೇಕ್ ಇಟ್’ ಎಂದರೆ ತಗೋಬೇಕಿಲ್ಲ, ಬೇಕಾದರೆ ತಗೊಳ್ಳಿ. ಸಕಾರದಲ್ಲಿ ಮಸ್ಟ್ ಮತ್ತು ಹ್ಯಾವ್ ಟು ಅಣ್ಣತಮ್ಮಂದಿರು, ನಕಾರದಲ್ಲಿ ದಾಯಾದಿಗಳು. ಮಸ್ಟ್‌ಗೆ ಹಚ್ಚಿದ ನಾಟ್ ಮುಂದಿನ ಕ್ರಿಯೆಯನ್ನು ಅಳಿಸುತ್ತದೆ, ಕಟ್ಟಳೆ ಗಟ್ಟಿಯಾಗಿ ನಿಲ್ಲುತ್ತದೆ. ಹ್ಯಾವ್ ಟುಗೆ ಹಚ್ಚಿದ್ದು ಕಟ್ಟಳೆಯನ್ನೇ ಅಳಿಸುತ್ತದೆ. ಕನ್ನಡದಲ್ಲಿ ‘ಬಾರದು’, ‘ಬೇಕಿಲ್ಲ’ ಎಂಬ ಎರಡು ಬೇರೆ ಪದಗಳು ನಾಲಗೆಯ ಮೇಲೇ ಇರುವುದರಿಂದ, ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೊಮ್ಮೆ ಕನ್ನಡಕ್ಕೆ ತಿರುಗಿಸಿ ನೋಡಿದರೆ ಗೊಂದಲ ಕರಗುತ್ತದೆ.

ಇನ್ನೊಂದು ಕಡೆ ಕನ್ನಡವೇ ಧಾರಾಳಿ. ‘ನಾಳೆ ಮೈಸೂರಿಗೆ ಹೋಗಬೇಕಾಗಬಹುದು’ ಎನ್ನುವಾಗ ಬೇಕು ಮತ್ತು ಬಹುದು ಒಂದರ ಹೆಗಲ ಮೇಲೊಂದು ಕೂರುತ್ತವೆ. ಶಿಷ್ಟ ಇಂಗ್ಲಿಷಿನಲ್ಲಿ ಎರಡು ಮೋಡಲ್‌ಗಳಿಗೆ ಒಂದೇ ಕ್ರಿಯಾಪದದ ಜೊತೆ ಒಟ್ಟಿಗೆ ಜಾಗವಿಲ್ಲ. ಒಂದನ್ನು ಇಳಿಸಿ ‘ಮೇ ಹ್ಯಾವ್ ಟು ಗೋ’ ಎನ್ನಬೇಕು. ಸ್ಕಾಟ್ಲೆಂಡಿನ ಕೆಲವು ಆಡುಮಾತುಗಳಲ್ಲಿ ಮತ್ತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಾತ್ರ ಜನ ಸರಾಗವಾಗಿ ‘ಮೈಟ್ ಕುಡ್’ ಎನ್ನುತ್ತಾರೆ, ಮೇಷ್ಟರ ಕೆಂಪು ಶಾಯಿಗೆ ಹೆದರದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಎಡವಟ್ಟು ವಿನಯದ್ದು. ಕನ್ನಡದಲ್ಲಿ ಮರ್ಯಾದೆ ನೀವು ಎಂಬುದರಲ್ಲಿದೆ, ಕ್ರಿಯಾಪದದ ಬಾಲದಲ್ಲಿದೆ, ‘ಸ್ವಲ್ಪ’ ಎಂಬ ಪುಟ್ಟ ಪದದಲ್ಲಿದೆ. ‘ಸ್ವಲ್ಪ ಜರುಗ್ತೀರಾ?’ ಎಂದರೆ ತುಂಬಿದ ಬಸ್ಸಿನಲ್ಲೂ ಜಾಗವಾಗುತ್ತದೆ. ಇಂಗ್ಲಿಷಿಗೂ ಒಂದು ಕಾಲಕ್ಕೆ ನೀನು–ನೀವು ಇತ್ತು: ಸಲಿಗೆಗೆ ದೌ, ಗೌರವಕ್ಕೆ ಯು. ಹದಿನೆಂಟನೇ ಶತಮಾನದ ಹೊತ್ತಿಗೆ ದಿನಬಳಕೆಯ ಶಿಷ್ಟ ಮಾತಿನಿಂದ ದೌ ಮಾಯವಾಗಿ, ದೊರೆಗೂ ನಾಯಿಮರಿಗೂ ಒಂದೇ ಯು ಉಳಿಯಿತು. ಸರ್ವನಾಮ ಇಳಿಸಿದ ಆ ಹೊರೆಯಲ್ಲಿ ದೊಡ್ಡ ಪಾಲನ್ನು ಇಂದು ಮೋಡಲ್‌ಗಳು ಹೊರುತ್ತಿವೆ. ‘ಕ್ಯಾನ್ ಯು’ ಎನ್ನುವ ಬದಲು ‘ಕುಡ್ ಯು’, ‘ವಿಲ್ ಯು’ ಎನ್ನುವ ಬದಲು ‘ವುಡ್ ಯು’. ಭೂತಕಾಲದ ರೂಪ ಇಲ್ಲಿ ಕಾಲವನ್ನು ಹೇಳುವುದಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ.

ವುಡ್ ಎಂದರೆ ಹೆಚ್ಚು ವಿನಯ ಎಂಬ ಈ ಅರಿವೇ ಕಚೇರಿಯ ಇಮೇಲುಗಳಲ್ಲಿ ಅತಿಯಾಗುತ್ತದೆ. ‘ಐ ವುಡ್ ಬಿ ಆನ್ ಲೀವ್ ಟುಮಾರೊ’ ಎಂದು ಬರೆದವರಿಗೆ ತಾವು ನಯವಾಗಿ ರಜೆ ತಿಳಿಸಿದ್ದೇವೆ ಎನಿಸುತ್ತದೆ. ಇಂಗ್ಲಿಷ್ ಮನೆಮಾತಿನವರ ಕಿವಿಗೆ ಅದು ‘ನಾಳೆ ರಜೆಯ ಮೇಲೆ ಇರುತ್ತಿದ್ದೆ...’ ಎಂದು ಅರ್ಧಕ್ಕೆ ನಿಂತಂತೆ ಕೇಳುತ್ತದೆ. ‘ಆದರೆ?’ ಎಂದು ಅವರು ಕಾಯುತ್ತಾರೆ. ಹೇಳಬೇಕಾಗಿದ್ದದ್ದು ಬರಿಯ ವಿಲ್.

ತಕ್ಕದ್ದು ಎಂಬ ಗಂಭೀರ ಪದ

ನಾಳೆಯ ಮಾತಿಗೆ ಶಲ್ ಬಳಸಬೇಕೋ ವಿಲ್ ಬಳಸಬೇಕೋ ಎಂಬ ಜಗಳಕ್ಕೆ ಮುನ್ನೂರೈವತ್ತು ವರ್ಷ ದಾಟಿದೆ. ಆಕ್ಸ್‌ಫರ್ಡಿನ ಜ್ಯಾಮಿತಿ ಪ್ರಾಧ್ಯಾಪಕ ಜಾನ್ ವಾಲಿಸ್ 1653ರಲ್ಲಿ ಇಂಗ್ಲಿಷಿಗೊಂದು ವ್ಯಾಕರಣ ಬರೆದರು, ಅದೂ ಲ್ಯಾಟಿನ್ ಭಾಷೆಯಲ್ಲಿ. ಎರಡು ವರ್ಷದ ನಂತರ ಅನಂತಕ್ಕೆ ಮಲಗಿದ ಎಂಟರ ಚಿಹ್ನೆ ಕೊಟ್ಟವರೂ ಅವರೇ. ಅವರ ನಿಯಮ ಹೀಗಿತ್ತು: ‘ನಾನು’ ಜೊತೆ ಶಲ್ ಬಂದರೆ ಬರಿಯ ಮುನ್ಸೂಚನೆ, ವಿಲ್ ಬಂದರೆ ವಚನ ಅಥವಾ ಬೆದರಿಕೆ; ‘ನೀನು’, ‘ಅವನು’ ಜೊತೆ ಎಲ್ಲ ತಿರುಗುಮುರುಗು. ಇದೇ ನಿಯಮ ಭಾರತದ ಶಾಲೆಗಳಿಗೆ ಬಂದು, ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ತಲೆಮಾರುಗಳು ‘ಐ ಶಲ್, ಯು ವಿಲ್’ ಎಂದು ಉರುಹೊಡೆದವು. ನೀರಿಗೆ ಬಿದ್ದ ವಿದೇಶಿಯೊಬ್ಬ ಶಲ್ ಮತ್ತು ವಿಲ್ ಅದಲುಬದಲು ಮಾಡಿ ಕೂಗಿದ್ದರಿಂದ, ‘ಮುಳುಗುವುದೇ ನನ್ನ ಹಟ, ಯಾರೂ ಕಾಪಾಡಕೂಡದು’ ಎಂದು ಅರ್ಥವಾಗಿ ದಡದಲ್ಲಿದ್ದವರು ಸುಮ್ಮನಿದ್ದರು ಎಂಬ ಹಳೆಯ ನಗೆಹನಿ ಈ ನಿಯಮದ ಕೂಸು. ಆಡುಮಾತಿನ ಇಂಗ್ಲಿಷು ಈ ನಿಯಮವನ್ನು ಎಂದೂ ಪೂರ್ತಿಯಾಗಿ ಪಾಲಿಸಲಿಲ್ಲ.

ಶಲ್ ಇಂದು ಗಟ್ಟಿಯಾಗಿ ಬೇರೂರಿರುವುದು ಕಾನೂನಿನಲ್ಲಿ. ಭಾರತದ ಸಂವಿಧಾನದ 343ನೇ ವಿಧಿ ಒಕ್ಕೂಟದ ಅಧಿಕೃತ ಭಾಷೆಯನ್ನು ಹೇಳುವಾಗ ಬಳಸುವುದು ಶಲ್. ಎರಡು ವಿಧಿ ದಾಟಿ 345ಕ್ಕೆ ಬಂದರೆ, ರಾಜ್ಯಗಳು ತಮ್ಮ ಭಾಷೆಯನ್ನು ಕಾನೂನಿನ ಮೂಲಕ ಆರಿಸಿಕೊಳ್ಳುವ ವಿಚಾರಕ್ಕೆ ಮೇ. ಆ ‘ಬಹುದು’ ತೆರೆದ ಬಾಗಿಲಿನಿಂದಲೇ 1963ರಲ್ಲಿ ಕನ್ನಡ ಈ ರಾಜ್ಯದ ಆಡಳಿತ ಭಾಷೆಯಾಯಿತು. ಕನ್ನಡದ ಕಾನೂನು ಬರಹ ಶಲ್‌ಗೆ ತನ್ನದೇ ಪದ ಕಂಡುಕೊಂಡಿದೆ: ತಕ್ಕದ್ದು. ಅರ್ಜಿ ಸಲ್ಲಿಸತಕ್ಕದ್ದು, ನೋಟಿಸು ನೀಡತಕ್ಕದ್ದು. ಮಾತಿನಲ್ಲಿ ಯಾರೂ ಆಡದ, ಆದರೆ ಸರ್ಕಾರಿ ಕಾಗದದಲ್ಲಿ ಕಂಡೊಡನೆ ಬೆನ್ನು ನೆಟ್ಟಗಾಗಿಸುವ ಪದ.

ತಕ್ಕದ್ದು ಎಂದರೆ ಯಾವಾಗಲೂ ಕಡ್ಡಾಯವೇ? 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಶ್ನೆ ಇದೇ. ಸರ್ಕಾರಿ ನೌಕರರ ಶಿಸ್ತುಕ್ರಮದಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದು ಎಂದು ಸಂವಿಧಾನದ 320ನೇ ವಿಧಿ ಶಲ್ ಬಳಸಿ ಹೇಳುತ್ತದೆ. ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಕೋರ್ಟು, ಅಲ್ಲಿನ ಶಲ್ ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ, ಸಮಾಲೋಚನೆಯಲ್ಲಿ ಕೊರತೆಯಾದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದಿತು. ಕೆಲವು ವಿಷಯಗಳಲ್ಲಿ ಸಮಾಲೋಚನೆ ಬೇಡವೆಂದು ನಿಯಮ ಮಾಡಲು ಸಂವಿಧಾನವೇ ಅವಕಾಶ ಕೊಟ್ಟಿರುವುದು, ಆಯೋಗದ ಸಲಹೆ ಸರ್ಕಾರವನ್ನು ಕಟ್ಟಿಹಾಕದಿರುವುದು ಕೋರ್ಟು ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಪದ ಒಂದನ್ನೇ ನೋಡದೆ ಇಡೀ ಸಂದರ್ಭ ನೋಡಿ ತೂಗುವುದು. ಹೆಡ್ ಮಾಸ್ತರ ‘ಹೋಗಬಹುದು’ ಮತ್ತು ಗೆಳೆಯನ ‘ಹೋಗಬಹುದು’ ಬೇರೆ ಎಂದು ಹುಡುಗರು ಅರಿಯುವ ಬಗೆಯೂ ಇದೇ.

ಒಂದು ಮೋಡಲ್ ರಾಷ್ಟ್ರಪತಿಯವರ ಕೈ ಕಟ್ಟಿದ, ಇನ್ನೊಂದು ಅದನ್ನು ತುಸು ಸಡಿಲಿಸಿದ ಕಥೆಯೂ ಉಂಟು. ತುರ್ತುಪರಿಸ್ಥಿತಿಯ ಕಾಲದ 1976ರ 42ನೇ ತಿದ್ದುಪಡಿ, ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂದು 74ನೇ ವಿಧಿಗೆ ಶಲ್ ಸೇರಿಸಿತು. 1978ರ 44ನೇ ತಿದ್ದುಪಡಿ ಅದರ ಪಕ್ಕಕ್ಕೆ ಮೇ ತಂದಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ಅವರು ಹೇಳಬಹುದು, ಮರಳಿ ಬಂದರೆ ಮಾತ್ರ ಒಪ್ಪತಕ್ಕದ್ದು. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು 1997ರ ಅಕ್ಟೋಬರಿನಲ್ಲಿ ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಿಂದಕ್ಕೆ ಕಳಿಸಿದ್ದು ಈ ಬಹುದು ಬಲದಿಂದ. ಕೇಂದ್ರ ಸಂಪುಟ ಶಿಫಾರಸನ್ನು ಕೈಬಿಟ್ಟಿತು.

ಕಾನೂನಿನಾಚೆ ತಂತ್ರಜ್ಞಾನಕ್ಕೂ ಈ ಪದಗಳ ಖಚಿತ ತೂಕ ಬೇಕಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ದಾಖಲೆಗಳಲ್ಲಿ ಶಲ್ ಎಂದರೆ ಕಡ್ಡಾಯ, ಶುಡ್ ಎಂದರೆ ಶಿಫಾರಸು, ಮೇ ಎಂದರೆ ಅನುಮತಿ, ಕ್ಯಾನ್ ಎಂದರೆ ಸಾಧ್ಯತೆ. ಒಂದರ ಜಾಗದಲ್ಲಿ ಇನ್ನೊಂದು ಬರುವಂತಿಲ್ಲ. ಇಂಟರ್‌ನೆಟ್ಟಿನ ನಿಯಮಗಳನ್ನು ಬರೆಯುವವರಿಗಾಗಿ ಸ್ಕಾಟ್ ಬ್ರಾಡ್ನರ್ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಬರೆದು ಮಸ್ಟ್, ಶುಡ್, ಮೇಗಳ ಅರ್ಥ ಗೊತ್ತುಮಾಡಿದರು. ಅಲ್ಲಿ ಶುಡ್ ಎಂದರೆ ಸರಿಯಾದ ಕಾರಣವಿದ್ದರೆ ಬಿಡಬಹುದು, ಆದರೆ ಪರಿಣಾಮ ಅರಿತು ಬಿಡಬೇಕು. ಸಾಮಾನ್ಯ ಮಾತಿನ ಶುಡ್‌ಗೂ ಈ ಶುಡ್‌ಗೂ ಗಲಿಬಿಲಿಯಾದ್ದರಿಂದ, ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಈ ವಿಶೇಷ ಅರ್ಥ ಎಂದು 2017ರಲ್ಲಿ ಇನ್ನೊಂದು ಆರ್‌ಎಫ್‌ಸಿ ಸ್ಪಷ್ಟಪಡಿಸಿತು. ಬೆಂಗಳೂರಿನ ಎಂಜಿನಿಯರು ಮೇಲಿನ ಕಿಟಕಿಯಲ್ಲಿ ಇಂಥ ದಾಖಲೆ, ಕೆಳಗಿನ ಕಿಟಕಿಯಲ್ಲಿ ಇಮೇಲು ತೆರೆದಿಟ್ಟಿದ್ದರೆ, ಒಂದೇ ಪರದೆಯಲ್ಲಿ ಶುಡ್ ಎರಡು ತೂಕದಲ್ಲಿ ಕೂತಿರುತ್ತದೆ.

ಇತ್ತ ದಿನನಿತ್ಯದ ಬರಹದಲ್ಲಿ ಮೋಡಲ್‌ಗಳು ತೆಳುವಾಗುತ್ತಿವೆ. 1961ರ ಮತ್ತು 1990ರ ದಶಕದ ಆರಂಭದ ಮುದ್ರಿತ ಇಂಗ್ಲಿಷಿನಿಂದ ತಲಾ ಹತ್ತು ಲಕ್ಷ ಪದಗಳ ಸಂಗ್ರಹಗಳನ್ನು ಹೋಲಿಸಿದ ಭಾಷಾವಿಜ್ಞಾನಿ ಜೆಫ್ರಿ ಲೀಚ್, ಮೂವತ್ತು ವರ್ಷದಲ್ಲಿ ಇವುಗಳ ಬಳಕೆ ಒಟ್ಟಾರೆ ಸುಮಾರು ಶೇ 10ರಷ್ಟು ಇಳಿದಿದ್ದನ್ನು ಗುರುತಿಸಿದರು. ಹೆಚ್ಚು ಸೊರಗಿದ್ದು ಶಲ್, ಮಸ್ಟ್, ಮೇ, ಆಟ್ ಟು. ಅತ್ತ ನೀಡ್ ಟು ಏರುತ್ತಿದೆ. ‘ಯು ಮಸ್ಟ್ ಸೈನ್ ಹಿಯರ್’ ಎಂದರೆ ಹೇಳುವವನೇ ಯಜಮಾನ. ‘ಯು ನೀಡ್ ಟು ಸೈನ್ ಹಿಯರ್’ ಎಂದರೆ ಅಗತ್ಯ ಎದುರಿನವನದೇ ಎಂಬ ಧ್ವನಿ. ಅಪ್ಪಣೆ ಮಾಡಲು ಸಂಕೋಚಪಡುವ ಕಾಲಕ್ಕೆ ಎರಡನೆಯದು ಹಿತ. ಬ್ಯಾಂಕಿನ ಕೌಂಟರಿನಲ್ಲಿ ‘ಇಲ್ಲಿ ಸೈನ್ ಮಾಡಬೇಕು’ ಎನ್ನುವ ಬದಲು ‘ಇಲ್ಲೊಂದು ಸೈನ್ ಬೇಕಾಗುತ್ತೆ ಸರ್’ ಎನ್ನುವ ಕನ್ನಡವೂ ಅದೇ ದಾರಿಯಲ್ಲಿದೆ.

ಅರಳಿಕಟ್ಟೆಯ ಬಳಿ ಎಂಟೂ ಹತ್ತು. ಹುಡುಗಿ ಮೊಬೈಲು ನೋಡುತ್ತ ‘ಇವತ್ತು ಬರೋದೇ ಇಲ್ವೇನೋ’ ಎನ್ನುತ್ತಾಳೆ. ‘ಕೆಟ್ಟು ನಿಂತಿರಬಹುದು’ ಎಂದು ಅಂಗಡಿಯವನು ದನಿಗೂಡಿಸುತ್ತಾನೆ. ತಾತ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ರಸ್ತೆಯತ್ತ ನೋಡುತ್ತಾರೆ. ಕೆರೆ ಏರಿಯ ಆಚೆ ತಿರುವಿನಲ್ಲಿ ಧೂಳು, ಧೂಳಿನ ನಡುವೆ ಕೆಂಪು ಚುಕ್ಕೆ. ಇನ್ನೂ ಅರ್ಧ ಮೈಲಿಯಾದರೂ ದೂರವಿದೆ. ‘ಬಂತು, ಬಂತು’ ಎನ್ನುತ್ತ ತಾತ ಎದ್ದು ಪಂಚೆ ಕೊಡವಿಕೊಳ್ಳುತ್ತಾರೆ.